ಹಳದಿ ಪೆಟ್ಟಿಗೆಗೆ ಗೊತ್ತಿತ್ತು, ನಾವು ಎಲ್ಲಿದ್ದೀವಿ ಅಂತ

ಹೋದ ವರ್ಷ ಜೂನ್ ಕೊನೆಯ ವಾರ. ಮಧ್ಯಾಹ್ನ ಹನ್ನೆರಡೂವರೆ ಇರಬಹುದು. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ನಡುವೆ, 40ನೇ ನಂಬರಿನ ಹೆದ್ದಾರಿಯಲ್ಲಿ ಹೋಗುತ್ತಿದ್ದ ನನ್ನ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕೆಂಪು ಥರ್ಮಾಮೀಟರ್ ಚಿತ್ರ ಹೊತ್ತಿಕೊಂಡಿತು. ಇಂಜಿನ್ ಕಾಯುತ್ತಿದೆ ಅಂತ ಅರ್ಥ. ಹೊರಗಿನ ಬಿಸಿ 112 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 44 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ.

ಪಕ್ಕದಲ್ಲಿ ಅಪ್ಪ. ಹಿಂದಿನ ಸೀಟಿನಲ್ಲಿ ಅಮ್ಮ, ಕಾಲ ಹತ್ತಿರ ಪುಳಿಯೋಗರೆ ಡಬ್ಬಿ. ಇಬ್ಬರೂ ತಿಪಟೂರಿನಿಂದ ಬಂದು ಎರಡು ತಿಂಗಳಾಗಿತ್ತು. ಅಪ್ಪ-ಅಮ್ಮ ಅಮೆರಿಕಕ್ಕೆ ಬಂದರೆ ನಾವೆಲ್ಲ ಮಾಡೋದು ಗೊತ್ತಲ್ಲ? ಒಂದು ಸಲ ಲಾಸ್ ವೇಗಸ್, ಇಲ್ಲಾ ಗ್ರ್ಯಾಂಡ್ ಕ್ಯಾನಿಯನ್. ಯಜಮಾನರಿಗೆ ಆಫೀಸಿನಲ್ಲಿ ಆ ವಾರ ಆನ್-ಕಾಲ್. ನಾನೇ ಡ್ರೈವ್ ಮಾಡ್ತೀನಿ ಅಂತ ಸ್ಯಾನ್ ಹೋಸೆಯಿಂದ ಹೊರಟು, ರಾತ್ರಿ ಬಾರ್‌ಸ್ಟೊದಲ್ಲಿ ಉಳಿದು, ಬೆಳಿಗ್ಗೆ ತಿಂಡಿ ಮುಗಿಸಿ ನಿಧಾನಕ್ಕೆ ಹೊರಟಿದ್ದೆ. ಮೊದಲ ತಪ್ಪು ಅದೇ. ಮರುಭೂಮಿ ದಾಟೋರು ಬೆಳಗಿನ ಜಾವ ದಾಟಬೇಕು.

ಎರಡನೇ ತಪ್ಪು, ಕೂಲಂಟ್ ಬದಲಾಯಿಸೋಕೆ ಮೆಸೇಜ್ ಬಂದಿದ್ದರೂ 'ಬಂದ ಮೇಲೆ ನೋಡೋಣ' ಅಂದಿದ್ದು. ಮೂರನೆಯದು ಇನ್ನೂ ನಾಚಿಕೆಗೇಡು. ಮೂರು ಜನಕ್ಕೆ ಅರ್ಧ ಲೀಟರಿನ ಆರು ಬಾಟಲಿ ನೀರು. ಅದರಲ್ಲಿ ಎರಡು ಆಗಲೇ ಖಾಲಿ.

ಬಾರ್‌ಸ್ಟೊದಿಂದ ಅರಿಜೋನಾ ಗಡಿ ಹತ್ತಿರದ ನೀಡಲ್ಸ್ ಊರಿಗೆ ಸುಮಾರು 230 ಕಿಲೋಮೀಟರ್. ನಡುವೆ ಲಡ್ಲೊ ಅಂತ ಒಂದು ಪುಟ್ಟ ಜಾಗ. ಅದನ್ನು ದಾಟಿದ ಮೇಲೆ ಪೆಟ್ರೋಲ್ ಬಂಕ್ ಸಿಗೋದೇ ಅಪರೂಪ. ಎರಡೂ ಕಡೆ ಕುರುಚಲು ಗಿಡ, ಕಲ್ಲು, ದೂರದಲ್ಲಿ ಸುಟ್ಟ ಬಣ್ಣದ ಗುಡ್ಡ. ನಾವು ಲಡ್ಲೊ ಬಿಟ್ಟು ಇಪ್ಪತ್ತು ಮೈಲಿ ಬಂದಿದ್ವಿ.

ಕಾರು ಪಕ್ಕಕ್ಕೆ ನಿಲ್ಲಿಸಿದೆ. ಬಾನೆಟ್ ಸಂದಿಯಿಂದ ಆವಿ. ಫೋನ್ ತೆಗೆದರೆ ಸಿಗ್ನಲ್ ಇಲ್ಲ. ಅಮೆರಿಕದಲ್ಲಿ ನಮ್ಮ ಕಂಪನಿಯ ಟವರ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ 911 ಹೋಗುತ್ತೆ. ಅದೂ ಹೋಗಲಿಲ್ಲ. ಯಾರ ಟವರೂ ಅಲ್ಲಿಗೆ ಎಟುಕುತ್ತಿರಲಿಲ್ಲ. ಉಪಗ್ರಹದ ಮೂಲಕ ಮೆಸೇಜ್ ಕಳಿಸೋ ಸೌಲಭ್ಯ ಇರೋ ಫೋನ್‌ಗಳು ಬಂದಿವೆ, ನಿಜ. ನನ್ನದು ಅದಕ್ಕಿಂತ ಹಳೆಯದು.

"ಆ ದಿಬ್ಬದ ಮೇಲೆ ಹೋದ್ರೆ ಸಿಗ್ನಲ್ ಬರಬಹುದು. ನೀವಿಲ್ಲೇ ಇರಿ, ನಾನು ಹೋಗಿ ಬರ್ತೀನಿ" ಅಂದೆ.

"ಬಿಸಿಲಲ್ಲಿ ಎಲ್ಲಿಗೂ ಹೋಗ್ಬೇಡ ಪುಟ್ಟಿ" ಅಂದರು ಅಪ್ಪ. "ಆ ಹಳದಿ ಪೆಟ್ಟಿಗೆ ಇರೋ ಕಂಬ ಮುಂದೆ ಇನ್ನೊಂದು ಬರ್ಬೇಕು. ಅಲ್ಲಿ ತನಕ ಕಾರು ಹೋಗುತ್ತಾ ನೋಡು."

"ಯಾವ ಕಂಬ?"

ಅಪ್ಪ ಕಂಬ ಎಣಿಸುತ್ತಿದ್ದರು

ಇಲ್ಲಿ ಅಪ್ಪನ ಬಗ್ಗೆ ಹೇಳಬೇಕು. ಅಪ್ಪ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. 2000ದಲ್ಲಿ ಇಲಾಖೆ ಹೋಗಿ ಬಿಎಸ್‌ಎನ್‌ಎಲ್ ಆಯಿತು, ಅಪ್ಪನ ಕೆಲಸ ಮಾತ್ರ ಅದೇ. ಮಳೆಗಾಲದಲ್ಲಿ ತೆಂಗಿನ ಗರಿ ಬಿದ್ದು ಲೈನ್ ಕಟ್ಟಾದರೆ ಸೈಕಲ್ಲಿಗೆ ತಂತಿ ಸುರುಳಿ ಸಿಕ್ಕಿಸಿಕೊಂಡು ಹೊರಡೋರು. ಬಸ್ಸಿನಲ್ಲಿ ಕೂತರೂ, ರೈಲಿನಲ್ಲಿ ಕೂತರೂ ಅವರ ಕಣ್ಣು ಕಂಬಗಳ ಮೇಲೆ. ಚಿಕ್ಕಂದಿನಲ್ಲಿ ನನಗದು ಆಟ. ದೊಡ್ಡವಳಾದ ಮೇಲೆ ಸ್ವಲ್ಪ ಮುಜುಗರ.

ಅಮೆರಿಕಕ್ಕೆ ಬಂದ ಮೇಲೆ ಅಪ್ಪ ಮೆತ್ತಗಾಗಿಬಿಟ್ಟಿದ್ದರು. ಹಾಲು ತರೋಕೂ ನಾನು ಕಾರು ತೆಗೀಬೇಕು. ಟಿವಿ ಹಾಕೋಕೆ ಮೂರು ರಿಮೋಟ್. ಅಂಗಡಿಯಲ್ಲಿ ಮಷೀನ್ ಮುಂದೆ ನಿಂತು 'ನೀನೇ ಮಾಡಮ್ಮ' ಅಂತ ಹಿಂದೆ ಸರಿಯೋರು. ನಾನೂ ಆತುರಗಾರ್ತಿ. ಎರಡು ಸಲ ಹೇಳಿಕೊಟ್ಟು ಮೂರನೇ ಸಲಕ್ಕೆ ದನಿ ಏರಿಸಿದ್ದು ಉಂಟು.

"ಅಪ್ಪಾ, ಅವೆಲ್ಲ ಮೊಬೈಲ್ ಬರೋ ಮುಂಚಿನ ಕಾಲದ್ದು. ಈಗ ಯಾವುದೂ ಕೆಲಸ ಮಾಡಲ್ಲ" ಅಂದೆ. ದನಿ ಆಗಲೂ ಏರಿತ್ತು.

ಅಪ್ಪ ಸಿಟ್ಟಾಗಲಿಲ್ಲ. "ಬಿಟ್ಟುಬಿಟ್ಟ ಲೈನಿನ ಕಂಬ ವಾಲಿರುತ್ತೆ. ಇವು ನೆಟ್ಟಗಿವೆ. ಯಾರೋ ಬಂದು ನೋಡ್ಕೊಳ್ತಿದ್ದಾರೆ" ಅಂದರು. "ಲಡ್ಲೊ ಬಿಟ್ಟಾಗಿಂದ ನೋಡ್ತಿದ್ದೀನಿ. ಹೆಚ್ಚೂ ಕಡಿಮೆ ಒಂದೇ ಅಂತರದಲ್ಲಿ ಬರ್ತಿವೆ. ಹಿಂದಿನದು ಹೋಗಿ ಆಗಲೇ ಮೈಲಿ ಮೇಲಾಯ್ತು. ಮುಂದಿನದೇ ಹತ್ತಿರ."

ಹತ್ತು ನಿಮಿಷ ಇಂಜಿನ್ ಆರಲು ಬಿಟ್ಟೆವು. ಆಮೇಲೆ ಅಪ್ಪ ಹೇಳಿದ್ದು ಕೇಳಿ ಅಮ್ಮನಿಗೆ ಇವರಿಗೇನೋ ಆಗಿದೆ ಅನ್ನಿಸಿತು. "ಎಸಿ ಆರಿಸಿ ಹೀಟರ್ ಹಾಕು. ಪೂರ್ತಿ." ಇಲಾಖೆಯ ಜೀಪಿನ ಡ್ರೈವರ್ ಘಾಟಿ ಹತ್ತುವಾಗ ಹಾಗೆ ಮಾಡುತ್ತಿದ್ದನಂತೆ. ಅದು ಸರಿಯಾದ ಉಪಾಯವೇ. ಹೀಟರ್ ಹಾಕಿದರೆ ಇಂಜಿನ್ನಿನ ಬಿಸಿ ಸ್ವಲ್ಪ ಕಾರಿನೊಳಕ್ಕೆ ಬರುತ್ತೆ, ಇಂಜಿನ್‌ಗೆ ಅಷ್ಟು ಹೊರೆ ಇಳಿಯುತ್ತೆ. ಆದರೆ 44 ಡಿಗ್ರಿಯಲ್ಲಿ ಹೀಟರ್ ಹಾಕಿಕೊಂಡು ಕೂತವರಿಗೆ ಗೊತ್ತು ಆ ಕಷ್ಟ. ಕಿಟಕಿ ಪೂರ್ತಿ ಇಳಿಸಿ, ರಸ್ತೆ ಅಂಚಿನಲ್ಲಿ, ಎತ್ತಿನ ಗಾಡಿಯ ಹಾಗೆ ತೆವಳಿದೆವು.

ಮುಕ್ಕಾಲು ಮೈಲಿ ಹೋಗಿರಬೇಕು. ನೀಲಿ ಬೋರ್ಡು ಕಂಡಿತು. ಅದರ ಕೆಳಗೆ ಹಳದಿ ಪೆಟ್ಟಿಗೆ.

"ನೀವು ಎಲ್ಲಿದ್ದೀರಿ ಅಂತ ನನಗೆ ಕಾಣ್ತಿದೆ"

ಪೆಟ್ಟಿಗೆ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. ದುಪಟ್ಟಾ ಸುತ್ತಿ ತೆಗೆದೆ. ಒಳಗೆ ರಿಸೀವರ್, ಒಂದು ಬಟನ್, ಏನು ಮಾಡಬೇಕು ಅನ್ನೋ ಚಿತ್ರ. ಒತ್ತಿ ಕಿವಿಗಿಟ್ಟುಕೊಂಡೆ. ಮೊದಲು ಏನೂ ಇಲ್ಲ. ಆಮೇಲೆ ರಿಂಗ್.

ಆ ಶಬ್ದ ಕೇಳಿ ಅಪ್ಪನ ಮುಖ ನೋಡಿದೆ. ಅಪ್ಪ ನನ್ನ ಕಡೆ ನೋಡುತ್ತಿರಲಿಲ್ಲ. ತಲೆ ಎತ್ತಿ ಕಂಬದ ಮೇಲಿನ ಆಂಟೆನಾ ನೋಡುತ್ತಿದ್ದರು.

ಒಬ್ಬ ಹೆಂಗಸು ಎತ್ತಿಕೊಂಡರು. "ಎಲ್ಲರೂ ಕ್ಷೇಮವಾಗಿದ್ದೀರಾ?" ಅನ್ನೋದು ಅವರ ಮೊದಲ ಪ್ರಶ್ನೆ. ನಾನು ಒಂದೇ ಉಸಿರಿಗೆ ಶುರು ಮಾಡಿದೆ. ಕಾರು ನಿಂತಿದೆ, ಲಡ್ಲೊ ದಾಟಿದ್ವಿ, ಎಲ್ಲಿದ್ದೀವೋ ಸರಿಯಾಗಿ ಗೊತ್ತಿಲ್ಲ, ಮ್ಯಾಪ್ ತೆರೀತಿಲ್ಲ...

"ನೀವು ಎಲ್ಲಿದ್ದೀರಿ ಅಂತ ನನಗೆ ಕಾಣ್ತಿದೆ" ಅಂದರು ಆಕೆ.

ಇಷ್ಟೇ ಮಾತು. ಆದರೆ ನನಗೆ ಅಳು ಬಂದುಬಿಟ್ಟಿತು. ಅರ್ಧ ಗಂಟೆಯಿಂದ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ ಭಯ. ಯಾರಾದರೂ ಸಿಕ್ಕರೂ ಎಲ್ಲಿದ್ದೀವಿ ಅಂತ ಏನು ಹೇಳಲಿ? ಎಡಕ್ಕೆ ಗುಡ್ಡ, ಬಲಕ್ಕೆ ಗುಡ್ಡ ಅನ್ನಲಾ?

ಆಮೇಲೆ ಒಂದೊಂದಾಗಿ ಕೇಳಿದರು. ಎಷ್ಟು ಜನ? ವಯಸ್ಸಾದವರು ಇದ್ದಾರಾ? ಯಾರಿಗಾದರೂ ಕಾಯಿಲೆ? ಎಷ್ಟು ನೀರಿದೆ? ಅಮ್ಮನಿಗೆ ಶುಗರ್, ಬಿಪಿ ಮಾತ್ರೆ ನುಂಗುತ್ತಾರೆ, ತಲೆ ಸುತ್ತುತ್ತಿದೆ ಅಂತಿದ್ದಾರೆ ಅಂದೆ. ದನಿ ಸ್ವಲ್ಪ ಬದಲಾಯಿತು. "ಹೈವೇ ಪೆಟ್ರೋಲ್‌ನವರನ್ನ ಮೊದಲು ಕಳಿಸ್ತೀನಿ. ಟೋ ಟ್ರಕ್ ಬರೋದು ತಡ ಆಗುತ್ತೆ, ಮೂರು ಜನ ಕೂರೋ ಟ್ರಕ್ಕೇ ಬೇಕು ಅಂತ ಹೇಳ್ತೀನಿ. ಕಾರಿನ ಹತ್ತಿರಾನೇ ಇರಿ. ರಸ್ತೆ ಕಡೆ ನಿಲ್ಲಬೇಡಿ. ನಡೆದು ಎಲ್ಲಿಗೂ ಹೋಗಬೇಡಿ."

ಬೆಡ್‌ಶೀಟನ್ನು ಕಾರಿನ ಬಾಗಿಲಿಗೂ ಬೇಲಿ ಗೂಟಕ್ಕೂ ಕಟ್ಟಿ ಅಪ್ಪ ನೆರಳು ಮಾಡಿದರು. ಅಮ್ಮನ ಸೆರಗು ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿದೆ. ಅಮ್ಮ ಮಾತಾಡೋದು ಕಡಿಮೆ ಮಾಡಿದರು. ಮಾತುಗಾರ್ತಿ ಅಮ್ಮ ಸುಮ್ಮನಾದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗಾಬರಿ. 'ನೀರು ಕುಡಿ' ಅಂದರೆ 'ನಿಮಗಿರಲಿ' ಅಂತಾರೆ. ಆ ಮೂವತ್ತೈದು ನಿಮಿಷ ನನ್ನ ಜೀವಮಾನದಲ್ಲೇ ದೊಡ್ಡದು.

ಪೆಟ್ರೋಲ್ ಕಾರು ಬಂತು. ಆ ಅಧಿಕಾರಿ ಅಮ್ಮನನ್ನು ತನ್ನ ಎಸಿ ಕಾರಿನಲ್ಲಿ ಕೂರಿಸಿ, ತಣ್ಣನೆ ನೀರು ಕೊಟ್ಟು, ಟೋ ಟ್ರಕ್ ಬರೋವರೆಗೂ ನಿಂತಿದ್ದರು. ನೀಡಲ್ಸ್ ಊರಿನಲ್ಲಿ ಆ ರಾತ್ರಿ ಉಳಿದೆವು. ಒಂದು ಹೋಸ್ ಪೈಪ್ ಸೀಳಿತ್ತು, ಅಷ್ಟೇ. ಗ್ರ್ಯಾಂಡ್ ಕ್ಯಾನಿಯನ್ ಒಂದು ದಿನ ತಡವಾಗಿ ನೋಡಿದೆವು. ಅಪ್ಪನಿಗೆ ಅದಕ್ಕಿಂತ ಪೆಟ್ಟಿಗೆಯೇ ಹಿಡಿಸಿತ್ತು ಅನ್ನೋದು ಬೇರೆ ಮಾತು.

ಆ ಪೆಟ್ಟಿಗೆಯೊಳಗೆ ಏನಿದೆ?

ಮನೆಗೆ ವಾಪಸ್ ಬಂದ ಮೇಲೆ ಅಪ್ಪನೂ ನಾನೂ ಕೂತು ಓದಿದೆವು. ಎರಡು ತಿಂಗಳಲ್ಲಿ ಇಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು.

ಕ್ಯಾಲಿಫೋರ್ನಿಯಾದಲ್ಲಿ 1980ರ ದಶಕದ ಮಧ್ಯದಲ್ಲಿ ಒಂದು ಕಾನೂನು ಬಂತು. ಪ್ರತಿ ಕೌಂಟಿಯೂ, ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಬೇಕಾದರೆ ಹೆದ್ದಾರಿ ತುರ್ತು ಸೇವೆಗೆ ಒಂದು ಪ್ರಾಧಿಕಾರ ಮಾಡಿಕೊಳ್ಳಬಹುದು. ಖರ್ಚಿಗೆ ವಾಹನ ನೋಂದಣಿ ಮಾಡಿಸೋ ಪ್ರತಿಯೊಬ್ಬರಿಂದ ವರ್ಷಕ್ಕೆ ಒಂದು ಡಾಲರ್. ಒಂದೇ ಒಂದು ಡಾಲರ್. ನಾನೂ ಐದು ವರ್ಷದಿಂದ ಕಟ್ಟುತ್ತಿದ್ದೆ, ಯಾವತ್ತೂ ಗಮನಿಸಿರಲಿಲ್ಲ.

ಮರುಭೂಮಿಗೆ ತಂತಿ ಎಳೆಯೋದು ಸುಲಭವಲ್ಲ. ನಾವು ನಿಂತಿದ್ದ ಸ್ಯಾನ್ ಬರ್ನಾರ್ಡಿನೊ ಕೌಂಟಿಯ ವಿಸ್ತೀರ್ಣ ಸುಮಾರು 52,000 ಚದರ ಕಿಲೋಮೀಟರ್, ಕರ್ನಾಟಕದ ಕಾಲು ಭಾಗಕ್ಕಿಂತ ದೊಡ್ಡದು. ಅದಕ್ಕೇ ಸೆಲ್ಯುಲಾರ್ ಬಂದ ಕೂಡಲೇ ಪೆಟ್ಟಿಗೆಗಳು ತಂತಿ ಬಿಟ್ಟವು. ಒಳಗಿರೋದು ಮೊಬೈಲ್ ಫೋನೇ. ಕಂಬದ ಮೇಲೆ ಪುಟ್ಟ ಸೋಲಾರ್ ಪ್ಲೇಟ್, ಒಳಗೆ ಬ್ಯಾಟರಿ.

"ಹಾಗಾದ್ರೆ ನಿನ್ನ ಮೊಬೈಲ್‌ಗೆ ಬರದ ಸಿಗ್ನಲ್ ಅದಕ್ಕೆ ಹೇಗೆ ಬಂತು?" ಅಂತ ನಾನು ಕೇಳಬೇಕಾದ ಪ್ರಶ್ನೆಯನ್ನ ಅಪ್ಪನೇ ಕೇಳಿ, ಅಪ್ಪನೇ ಉತ್ತರ ಹೇಳಿದರು. ಆಂಟೆನಾ. ನಮ್ಮ ಫೋನಿನ ಆಂಟೆನಾ ಅಂಗೈಯೊಳಗೆ, ಕಾರಿನ ತಗಡಿನೊಳಗೆ ಮುಚ್ಚಿಕೊಂಡಿರುತ್ತೆ. ಪೆಟ್ಟಿಗೆಯದು ಕಂಬದ ತುದಿಯಲ್ಲಿ, ಬಯಲಲ್ಲಿ. ಜೊತೆಗೆ ಹಳೆಯ ಅನಲಾಗ್ ಕಾಲದಲ್ಲಿ ಕೈಯಲ್ಲಿ ಹಿಡಿಯೋ ಫೋನಿನ ಶಕ್ತಿ 0.6 ವ್ಯಾಟ್ ಆದರೆ ಕಾರಿಗೆ ಕೂರಿಸೋ ಫೋನಿನದು 3 ವ್ಯಾಟ್. ಜೇಬಿಗೆ ಹಿಡಿಸಬೇಕು ಅನ್ನೋ ಕಟ್ಟುಪಾಡು ಇಲ್ಲದ ಯಂತ್ರ ಹೆಚ್ಚು ದೂರ ಕೂಗಬಲ್ಲದು.

ನನಗೆ ತುಂಬಾ ಇಷ್ಟವಾದದ್ದು ಅದರ ನಂಬರು. ಬೋರ್ಡಿನ ಮೇಲೆ ರಸ್ತೆ ಸಂಖ್ಯೆ, ಪಕ್ಕದಲ್ಲಿ ಇನ್ನೊಂದು ಸಂಖ್ಯೆ. ಉದಾಹರಣೆಗೆ 40-712 ಅಂತ ಇದ್ದರೆ, 40ನೇ ಹೆದ್ದಾರಿಯಲ್ಲಿ, ಆ ಕೌಂಟಿಯೊಳಗೆ ರಸ್ತೆ ಶುರುವಾದ ಜಾಗದಿಂದ 71.2 ಮೈಲಿ ಅಂತ. ಪೆಟ್ಟಿಗೆಯ ಹೆಸರೇ ಅದರ ವಿಳಾಸ. ರಿಸೀವರ್ ಎತ್ತಿದರೆ ಆ ವಿಳಾಸ ಅತ್ತ ಕಡೆಯವರ ಪರದೆ ಮೇಲೆ ಬರುತ್ತೆ. ಮಾತಾಡೋಕೆ ಆಗದಿದ್ದರೂ, ಭಾಷೆ ಬರದಿದ್ದರೂ ವಿಳಾಸ ತಲುಪಿರುತ್ತೆ. ಕಿವಿ ಕೇಳದವರಿಗೆ ಅಂತ ಎಷ್ಟೋ ಪೆಟ್ಟಿಗೆಗಳಲ್ಲಿ ಟೈಪ್ ಮಾಡಿ ಮಾತಾಡೋ ವ್ಯವಸ್ಥೆಯೂ ಇದೆ.

ಹಾಗಾದ್ರೆ ಯಾಕೆ ಕಿತ್ತು ಹಾಕ್ತಿದ್ದಾರೆ?

ಎಲ್ಲರ ಕೈಯಲ್ಲೂ ಮೊಬೈಲ್ ಬಂದ ಮೇಲೆ ಪೆಟ್ಟಿಗೆಯಿಂದ ಬರೋ ಕರೆಗಳು ಇಳಿದವು. ಎಷ್ಟೋ ಕೌಂಟಿಗಳು ಊರೊಳಗಿನ ಹೆದ್ದಾರಿಗಳಿಂದ ಪೆಟ್ಟಿಗೆಗಳನ್ನ ತೆಗೆದವು. ಸಿಗ್ನಲ್ ಚೆನ್ನಾಗಿರೋ ಕಡೆ ಅದು ಸರಿಯಾದ ತೀರ್ಮಾನವೇ. ಅದೇ ಹಣದಲ್ಲಿ ಕೆಟ್ಟು ನಿಂತ ವಾಹನಗಳಿಗೆ ಸಹಾಯ ಮಾಡೋ ಟ್ರಕ್ ಓಡಿಸಬಹುದು.

ಇನ್ನೊಂದು ತೊಂದರೆ, ಪೆಟ್ಟಿಗೆ ಕೂಡ ಮೊಬೈಲ್ ಕಂಪನಿಗಳ ತಾಳಕ್ಕೆ ಕುಣಿಯಬೇಕು. 2008ರಲ್ಲಿ ಅಮೆರಿಕದಲ್ಲಿ ಅನಲಾಗ್ ಸೇವೆಯ ಕಾಲ ಮುಗಿಯಿತು. 2022ರಲ್ಲಿ ದೊಡ್ಡ ಕಂಪನಿಗಳು 3ಜಿ ನಿಲ್ಲಿಸಿದವು. ಪ್ರತಿ ಸಲವೂ ಹಳೆಯ ಪೆಟ್ಟಿಗೆಯ ಒಳಗಿನದನ್ನು ಬದಲಾಯಿಸಬೇಕು, ಇಲ್ಲಾ ಪೆಟ್ಟಿಗೆ ಬರೀ ಡಬ್ಬಿ ಆಗುತ್ತೆ. ನಮ್ಮ ಫೋನನ್ನು ನಾವು ಎರಡು-ಮೂರು ವರ್ಷಕ್ಕೆ ಬದಲಾಯಿಸ್ತೀವಿ. ಹೆದ್ದಾರಿಯುದ್ದಕ್ಕೂ ನಿಂತಿರೋ ಪೆಟ್ಟಿಗೆಗಳಿಗೆ ಆ ಖರ್ಚು ಯಾಕೆ ಅಂತ ಲೆಕ್ಕ ಹಾಕೋರು ಕೇಳ್ತಾರೆ.

ಲೆಕ್ಕ ಹಾಕೋವಾಗ ಎಷ್ಟು ಕರೆ ಬಂತು ಅಂತ ನೋಡ್ತಾರೆ. ಮರುಭೂಮಿಯ ಒಂದು ಪೆಟ್ಟಿಗೆಯಿಂದ ತಿಂಗಳಿಗೆ ಒಂದೂ ಕರೆ ಬರದೇ ಇರಬಹುದು. ಬರೋ ಒಂದು ಕರೆ ಯಾರದ್ದು, ಆ ಹೊತ್ತಿಗೆ ಅವರಿಗೆ ಬೇರೆ ದಾರಿ ಏನಿತ್ತು ಅನ್ನೋದು ಆ ಲೆಕ್ಕದ ಕಾಗದದಲ್ಲಿ ಕಾಣಲ್ಲ. ನಾನು ಡೇಟಾ ಕೆಲಸ ಮಾಡೋಳು. ಕಡಿಮೆ ಬಳಕೆಯ ಫೀಚರ್ ತೆಗೆದುಹಾಕಿ ಅಂತ ಮೀಟಿಂಗಿನಲ್ಲಿ ಎಷ್ಟು ಸಲ ಹೇಳಿದ್ದೀನೋ. ಈಗ ಹಾಗೆ ಹೇಳೋ ಮುಂಚೆ, ಇದನ್ನ ಬಳಸೋರು ಯಾವ ಸ್ಥಿತಿಯಲ್ಲಿ ಬಳಸ್ತಾರೆ ಅಂತ ಒಂದು ಸಾಲು ಬರೀತೀನಿ.

ನಡೆದು ಹೋದವರು

ಮೊಹಾವಿಯ ಉತ್ತರಕ್ಕೆ ಡೆತ್ ವ್ಯಾಲಿ. 1913ರ ಜುಲೈ 10ರಂದು ಅಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. 1996ರ ಜುಲೈನಲ್ಲಿ ಜರ್ಮನಿಯಿಂದ ಬಂದ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಬಾಡಿಗೆ ವ್ಯಾನಿನಲ್ಲಿ ಅಲ್ಲಿಗೆ ಹೋಗಿ ಕಾಣೆಯಾದರು. ಅಕ್ಟೋಬರಿನಲ್ಲಿ ದೂರದ ಒಂದು ಕಣಿವೆಯಲ್ಲಿ ವ್ಯಾನ್ ಸಿಕ್ಕಿತು, ಟೈರ್ ಹೋಗಿತ್ತು. ಜನ ಸಿಗಲಿಲ್ಲ. ದೊಡ್ಡವರದು ಅನ್ನೋ ಅವಶೇಷಗಳು ಸಿಕ್ಕಿದ್ದು 2009ರಲ್ಲಿ, ವ್ಯಾನಿನಿಂದ ಮೈಲಿಗಳಾಚೆ. ಹುಡುಕಿದವರ ಊಹೆ ಹೀಗಿದೆ: ನಕ್ಷೆಯಲ್ಲಿ ದಕ್ಷಿಣಕ್ಕೆ ಸೇನೆಯ ನೆಲೆಯೊಂದರ ಗಡಿ ಕಂಡು, ಅಲ್ಲಿ ಬೇಲಿ, ಕಾವಲಿನವರು ಇರ್ತಾರೆ ಅಂದುಕೊಂಡು ಅವರು ಆ ಕಡೆ ನಡೆದಿರಬೇಕು. ಆ ನಿರ್ಜನ ಗಡಿಯಲ್ಲಿ ಕಾವಲು ಇರಲಿಲ್ಲ.

ಇದನ್ನ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಅವರು ದಡ್ಡರಾಗಿರಲಿಲ್ಲ. ಸಹಾಯ ಎಲ್ಲಿದೆ ಅಂತ ಊಹೆ ಮಾಡಿ ಆ ಕಡೆ ಹೊರಟರು. ನಾನೂ ಅದನ್ನೇ ಮಾಡಲು ಹೊರಟಿದ್ದೆ. ನನ್ನ ದಿಬ್ಬ ಅರ್ಧ ಮೈಲಿ ಅನ್ನಿಸಿತ್ತು. ಮರುಭೂಮಿಯ ಬಯಲಲ್ಲಿ ಅರ್ಧ ಮೈಲಿ ಅಂತ ಕಂಡದ್ದು ಎಷ್ಟೋ ಸಲ ಮೂರು ಮೈಲಿ ಇರುತ್ತೆ. ಹಳದಿ ಪೆಟ್ಟಿಗೆಯ ದೊಡ್ಡ ಉಪಕಾರ ಫೋನ್ ಕರೆಯೊಂದೇ ಅಲ್ಲ. ಊಹೆ ಮಾಡೋ ಕೆಲಸ ಅದು ತಪ್ಪಿಸುತ್ತೆ. ಸಹಾಯ ಇಲ್ಲಿದೆ, ಇಲ್ಲೇ ಇರು ಅನ್ನುತ್ತೆ.

ನೀವು ಹೊರಡೋ ಮುಂಚೆ

ನಿಮ್ಮಲ್ಲಿ ಎಷ್ಟೋ ಜನ ಈ ರಜೆಗೆ ಅಪ್ಪ-ಅಮ್ಮನ್ನ ಕರೆದುಕೊಂಡು ಆ ಕಡೆ ಹೋಗ್ತೀರಿ. ಇಷ್ಟು ಮಾತ್ರ ಮಾಡಿ.

ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರ್ ನೀರು. ಇದು ಅಲ್ಲಿನ ರಾಷ್ಟ್ರೀಯ ಉದ್ಯಾನದವರೇ ಹೇಳೋ ಲೆಕ್ಕ. ಕೊನೆಯ ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ. ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಎಷ್ಟು ಹೊತ್ತಿಗೆ ಎಲ್ಲಿ ತಲುಪ್ತೀವಿ, ತಲುಪದಿದ್ದರೆ ಯಾವಾಗ ಪೊಲೀಸರಿಗೆ ಹೇಳಬೇಕು ಅಂತ ಒಬ್ಬರಿಗಾದರೂ ಹೇಳಿ ಹೋಗಿ. ಕಾರು ನಿಂತರೆ ಕಾರು ಬಿಡಬೇಡಿ. ಹುಡುಕೋರಿಗೆ ಮನುಷ್ಯರಿಗಿಂತ ಕಾರು ಬೇಗ ಕಾಣುತ್ತೆ. ರಸ್ತೆ ಪಕ್ಕದ ಮೈಲಿ ಬೋರ್ಡು, ಎಕ್ಸಿಟ್ ನಂಬರ್ ಆಗಾಗ ನೋಡ್ತಾ ಇರಿ. ಹಳದಿ ಪೆಟ್ಟಿಗೆ ಎಲ್ಲ ಕಡೆ ಇರುತ್ತೆ ಅಂತ ನಂಬಬೇಡಿ. ಒಳರಸ್ತೆಗಳಲ್ಲಂತೂ ಇಲ್ಲವೇ ಇಲ್ಲ ಅಂದುಕೊಂಡೇ ಹೊರಡಿ.

ಉಪಗ್ರಹ ಸಂದೇಶದ ಫೋನ್ ಇದ್ದರೆ ಒಳ್ಳೆಯದು. 2022ರ ನವೆಂಬರಿನಿಂದ ಐಫೋನ್ 14 ಮತ್ತು ಆಮೇಲಿನವುಗಳಿಂದ ಅಮೆರಿಕದಲ್ಲಿ ಇದು ಸಾಧ್ಯ. ಆಕಾಶ ತೆರೆದಿರಬೇಕು, ಫೋನ್ ತೋರಿಸೋ ದಿಕ್ಕಿಗೆ ಹಿಡೀಬೇಕು, ಬ್ಯಾಟರಿ ಇರಬೇಕು. 44 ಡಿಗ್ರಿಯಲ್ಲಿ ಫೋನ್ ತಾನೇ ಕಾದು ಆಫ್ ಆಗಿಬಿಡಬಹುದು, ಅದನ್ನೂ ನೆರಳಲ್ಲಿಡಿ. ಬೇರೆ ಉಪಗ್ರಹ ಸಾಧನ ಕೊಂಡಿದ್ದರೆ ಊರಿಗೆ ಬರುವಾಗ ತರಬೇಡಿ. ಭಾರತದಲ್ಲಿ ಅನುಮತಿ ಇಲ್ಲದೆ ಅವನ್ನು ಇಟ್ಟುಕೊಳ್ಳೋದು ಕಾನೂನಿಗೆ ವಿರುದ್ಧ.

ನಮ್ಮಲ್ಲಿ ರಾಷ್ಟ್ರೀಯ ಹೆದ್ದಾರಿಗೆ 1033 ಇದೆ, ಎಲ್ಲ ತುರ್ತಿಗೂ 112 ಇದೆ. ಅವರೂ ಮೊದಲು ಕೇಳೋದು ಅದೇ: ಎಲ್ಲಿದ್ದೀರಿ? ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲಿನ ಮೇಲಿನ ಅಂಕಿ ಓದಿ ಹೇಳೋದನ್ನ ರೂಢಿ ಮಾಡಿಕೊಳ್ಳಿ.

ಗೋಡೆ ಮೇಲಿನ ಕಾಗದ

ಇನ್ನೊಂದು ಮಾತು ಹೇಳದಿದ್ದರೆ ಈ ಅಂಕಣ ಮುಗಿಯಲ್ಲ.

ತಿಪಟೂರಿನ ನಮ್ಮ ಮನೆಯಲ್ಲಿ ಲ್ಯಾಂಡ್‌ಲೈನ್ ಇತ್ತು. 2019ರಲ್ಲಿ ಅದನ್ನ ವಾಪಸ್ ಕೊಡಿಸಿದ್ದು ನಾನೇ. "ಯಾರೂ ಮಾಡದ ಫೋನಿಗೆ ತಿಂಗಳು ತಿಂಗಳು ಯಾಕೆ ಬಿಲ್ಲು?" ಅಂದಿದ್ದೆ. ತಾನೇ ಎಳೆದ ಲೈನನ್ನ ಅಪ್ಪ ತಾನೇ ಬಿಚ್ಚಿದರು. ಏನೂ ಅನ್ನಲಿಲ್ಲ. ಕಡಿಮೆ ಬಳಕೆಯ ಫೀಚರ್ ನೋಡಿ, ತೆಗೆದುಹಾಕಿದೆ.

ನೀಡಲ್ಸ್ ಮೋಟೆಲಿನಲ್ಲಿ ಆ ರಾತ್ರಿ ಅಮ್ಮ ಮಲಗಿದ ಮೇಲೆ ಅಪ್ಪ ಹೇಳಿದರು. ಹಿಂದಿನ ವರ್ಷ ಒಂದು ರಾತ್ರಿ ಅಮ್ಮನಿಗೆ ಶುಗರ್ ಇಳಿದು ಅಡುಗೆಮನೆಯಲ್ಲಿ ಕುಸಿದರಂತೆ. ಅಡುಗೆಮನೆಯಲ್ಲಿ ಮೊಬೈಲ್ ಸಿಗ್ನಲ್ ಬರಲ್ಲ. ಅಪ್ಪ ಅಂಗಳಕ್ಕೆ ಓಡಿ 108ಕ್ಕೆ ಫೋನ್ ಮಾಡಿ, ವಿಳಾಸ ಹೇಳಲು ತಡವರಿಸಿ, ಕೊನೆಗೆ ಎದುರು ಮನೆ ಹುಡುಗ ಆಟೊ ತಂದನಂತೆ.

"ನನಗ್ಯಾಕೆ ಹೇಳಲಿಲ್ಲ?"

"ನೀನು ಅಲ್ಲಿ ಇದ್ದೆ. ಗಾಬರಿ ಆಗ್ತೀಯ ಅಂತ."

ಎರಡು ಮಾತಿನ ನಂತರ ಅಪ್ಪ ಮಲಗಿದರು. ನಾನು ಕೂತೇ ಇದ್ದೆ. ನಿರ್ಜನ ಹೆದ್ದಾರಿಯಲ್ಲಿ ಗುರುತು ಪರಿಚಯ ಇಲ್ಲದವರಿಗೆ ಅಂತ ಯಾರೋ ಒಂದು ಪೆಟ್ಟಿಗೆ ಇಟ್ಟಿದ್ದಾರೆ. ನಮ್ಮ ಮನೆಯಲ್ಲಿ ಇದ್ದ ಒಂದನ್ನ ನಾನು ತೆಗೆಸಿದ್ದೆ.

ನವೆಂಬರಿನಲ್ಲಿ ಊರಿಗೆ ಹೋದಾಗ ಮೊದಲು ಮಾಡಿದ ಕೆಲಸ ಇದು. ಬ್ರಾಡ್‌ಬ್ಯಾಂಡ್ ಹಾಕಿಸಿ, ವೈ-ಫೈನಲ್ಲೇ ಕರೆ ಹೋಗೋ ಹಾಗೆ ಇಬ್ಬರ ಫೋನ್ ಸರಿಮಾಡಿದೆ. ಅದರ ಜೊತೆ ಒಂದು ಲ್ಯಾಂಡ್‌ಲೈನ್ ಕೂಡ ಬಂತು. ಅಪ್ಪ ಹಳೆಯ ಫೋನನ್ನು ಟವೆಲಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರು. ಅದನ್ನೇ ಒರೆಸಿ, ಅಡುಗೆಮನೆ ಬಾಗಿಲ ಪಕ್ಕ ಇಟ್ಟರು.

ಅದರ ಮೇಲಿನ ಗೋಡೆಗೆ ನಾನು ದಪ್ಪ ಅಕ್ಷರದಲ್ಲಿ ಬರೆದ ಕಾಗದ ಅಂಟಿಸಿದೆ. 112. 108. ಎದುರು ಮನೆಯವರ ನಂಬರ್. ಡಾಕ್ಟರ ನಂಬರ್. ಅಮ್ಮನ ಮಾತ್ರೆಗಳ ಹೆಸರು. ಪೂರ್ತಿ ವಿಳಾಸ, ಯಾವ ದೇವಸ್ಥಾನದ ಹಿಂದೆ, ಎಷ್ಟನೇ ತಿರುವು, ಗೇಟಿನ ಬಣ್ಣ ಯಾವುದು. ಗಾಬರಿಯಲ್ಲಿ ಯಾರು ಓದಿ ಹೇಳಿದರೂ ಆಂಬುಲೆನ್ಸ್ ಬರೋ ಹಾಗೆ.

ಮಾರನೇ ದಿನ ನೋಡಿದರೆ ಕೆಳಗೆ ಅಪ್ಪನ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿತ್ತು. ಮನೆ ಮುಂದಿನ ಲೈಟು ಕಂಬದ ನಂಬರು.

"ಇದನ್ನ ಹೇಳಿದ್ರೆ ಆಂಬುಲೆನ್ಸ್‌ನೋರಿಗೆ ಗೊತ್ತಾಗುತ್ತಾ ಅಪ್ಪಾ?"

"ಅವರಿಗೆ ಗೊತ್ತಾಗದಿದ್ರೆ ಲೈನ್‌ಮನ್‌ನ ಕೇಳಲಿ" ಅಂದರು.

ಅಳಿಸಲಿಲ್ಲ, ಹಾಗೇ ಬಿಟ್ಟಿದ್ದೀನಿ. ಈ ವಾರ ನೀವೂ ಊರಿಗೆ ಫೋನ್ ಮಾಡಿದಾಗ ಒಂದು ಸಲ ಕೇಳಿ ನೋಡಿ: ರಾತ್ರಿ ಹೊತ್ತು ಏನಾದರೂ ಆದರೆ ಯಾರಿಗೆ ಫೋನ್ ಮಾಡ್ತೀರಿ, ಮನೆ ಎಲ್ಲಿದೆ ಅಂತ ಹೇಗೆ ಹೇಳ್ತೀರಿ? ಉತ್ತರ ತಡವಾದರೆ, ಅವರ ಮನೆ ಗೋಡೆಗೂ ಒಂದು ಕಾಗದ ಬೇಕು ಅಂತ ಅರ್ಥ.